ಅಂಗಾಲಿನ ಧೂಳು

ನೀರು ಬಿದ್ದ ಕೆಂಡದ ವಾಸನೆ ಬಂದರೆ ಈಗಲೂ ನನ್ನ ಅಂಗಾಲು ಜುಮ್ಮೆನ್ನುತ್ತದೆ.

ನಾಗಮಂಗಲದ ಬಾಡಿಗೆ ಮಳಿಗೆಯೊಂದರಲ್ಲಿ ಅಪ್ಪ ಚಿನ್ನದ ಕೆಲಸ ಮಾಡುತ್ತಿದ್ದರು. ಅರದಿಂದ ಉಜ್ಜುವಾಗ ಉದುರಿದ ಚಿನ್ನದ ಪುಡಿ ನೆಲದ ಧೂಳಿನಲ್ಲಿ ಸೇರಿರುತ್ತದೆಂದು ಅಲ್ಲಿನ ಕಸವನ್ನು ನಾವು ಹೊರಗೆ ಹಾಕುತ್ತಿರಲಿಲ್ಲ. ಯುಗಾದಿಗೆ ಮುಂಚೆ ಅಮ್ಮ ಅದನ್ನೆಲ್ಲ ಗುಡಿಸಿ, ತೊಳೆದು, ಚಿನ್ನ ತೆಗೆಯುತ್ತಿದ್ದಳು. ನಮಗೆ ಹಬ್ಬದ ಬಟ್ಟೆ ಬರುತ್ತಿದ್ದುದು ಅದರಿಂದಲೇ.

ಒಂದು ಮಧ್ಯಾಹ್ನ ನಾನು ಮಳಿಗೆಯೊಳಗೆ ಬರಿಗಾಲಲ್ಲಿ ಆಡುತ್ತಿದ್ದಾಗ ಮಾಲೀಕ ಬಂದು, ಇನ್ನು ಬಾಡಿಗೆ ದುಪ್ಪಟ್ಟು ಎಂದ.

"ಕರಾರು ಇನ್ನೂ ಮುಗ್ದಿಲ್ಲ ಯಜಮಾನ್ರೇ. ನಡುವ್ನಲ್ಲಿ ಇಂಗೆ ಏರ್ಸಂಗಿಲ್ಲ," ಎಂದರು ಅಪ್ಪ.

"ನಂಗೇ ಕಾನೂನು ಯೋಳ್ತೀಯೇನ್ಲಾ? ಈಗ್ಲೇ ಖಾಲಿ ಮಾಡು."

ಕೊಡದಲ್ಲಿದ್ದ ನೀರನ್ನು ಅವನು ಉರಿಯುತ್ತಿದ್ದ ಅಗ್ಗಿಷ್ಟಿಕೆಗೆ ಸುರಿದುಬಿಟ್ಟ. ಹೊಗೆಯಲ್ಲಿ ಕೆಮ್ಮುತ್ತಾ ಅಪ್ಪ ಸಾಮಾನು ಕಟ್ಟಿದರು. ಮನೆಯಿಂದ ಓಡಿಬಂದ ಅಮ್ಮ ಪೊರಕೆ ಹಿಡಿದಳು.

"ಪೊರಕೆ ಮಡಗವ್ವ. ನೆಲ ನಂದು, ಧೂಳೂ ನಂದೇ."

ನಾನು ಹೊಸ್ತಿಲು ದಾಟುವಾಗ ಅವನು ನನ್ನ ತಲೆ ಸವರಿ, ಅಕ್ಕರೆಯಿಂದಲೇ ಹೇಳಿದ: "ಕಾಲು ಕೊಡವ್ಬುಟ್ಟು ಓಗು ಕೂಸೇ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬಗ್ಗಿ, ನನ್ನ ಎರಡೂ ಅಂಗಾಲುಗಳನ್ನು ಹೊಸ್ತಿಲ ಒಳಗಡೆಗೇ ಕೊಡವಿ, ನನ್ನನ್ನು ಎತ್ತಿಕೊಂಡು ಬೀದಿಗಿಳಿದರು.