ಎದ್ದು ನಿಂತ ಒತ್ತೆಯಾಳು

ಬಾಗಿಲು ಸಿಡಿದು ಒಳಗೆ ಬಿದ್ದಾಗ ಗಿಡುಗನ ಹೆಂಡತಿ ಕುರ್ಚಿಯಿಂದ ಎದ್ದು ನಿಂತಳು. ಮರುಗಳಿಗೆಯೇ ಅವಳ ಎದೆಯ ಮೇಲೆ ಅಂಗೈಯಗಲ ನೀಲಿ ಬಣ್ಣ ಹರಡಿತು. ಹೊಡೆದವನು ಗಿಡುಗನೇ.

ಅದು ಪೊಲೀಸ್ ಇಲಾಖೆಯ ವಿಶೇಷ ಕಮಾಂಡೊ ದಳದ ಕುಟುಂಬ ದಿನಾಚರಣೆ. ಅಭ್ಯಾಸಕ್ಕೆಂದೇ ಕಟ್ಟಿದ ಸೂರಿಲ್ಲದ ಮನೆಯೊಳಗೆ ದಳದವರು ಒತ್ತೆಯಾಳನ್ನು ಹೇಗೆ ಬಿಡಿಸುತ್ತಾರೆಂದು ಮನೆಮಂದಿಯೆಲ್ಲ ಅಟ್ಟಣಿಗೆಯ ಮೇಲೆ ಕೂತು ಕಣ್ತುಂಬ ನೋಡಬೇಕು. ವರ್ಷವಿಡೀ ಒತ್ತೆಯಾಳಾಗಿ ಕೂರುವುದು ಹತ್ತಿ ತುಂಬಿದ ಗೊಂಬೆ. ಗಿಡುಗ ಇವತ್ತಿನವರೆಗೆ ಒಂದು ಸಲವೂ ಆ ಗೊಂಬೆಗೆ ಗುಂಡು ತಾಗಿಸಿದವನಲ್ಲ. ಗಿಡುಗ ಎಂಬ ಅಡ್ಡಹೆಸರು ಬಂದದ್ದೂ ಅದಕ್ಕೇ. ಗೊಂಬೆ ಎದ್ದು ನಿಲ್ಲುವುದಿಲ್ಲ ಎಂಬುದು ಬೇರೆ ಮಾತು.

ಈ ಸಲ ಮುಖ್ಯ ಅತಿಥಿಯಾಗಿ ದೊಡ್ಡ ಸಾಹೇಬರು ಬರುತ್ತಾರೆಂದು ಗೊತ್ತಾದದ್ದೇ ತಡ, ಕಮಾಂಡರಿಗೆ ನೈಜತೆಯ ಹುಚ್ಚು ಹತ್ತಿತು. ಗೊಂಬೆಯ ಕುರ್ಚಿಯಲ್ಲಿ ಗಿಡುಗನ ಹೆಂಡತಿಯನ್ನು ಕೂರಿಸಿದರು. ಗುಂಡು ತಡೆಯುವ ಜಾಕೀಟು ಕೊಡೋಣವೇ ಎಂದು ಯಾರೋ ಕೇಳಿದ್ದಕ್ಕೆ, "ಒತ್ತೆಯಾಳುಗಳು ಜಾಕೀಟು ಹಾಕ್ಕೊಂಡು ಸಿಕ್ಕಿಹಾಕ್ಕೊಳ್ತಾರೇನ್ರೀ?" ಎಂದು ಗದರಿದರು. ಅವಳಿಗೆ ಮಾತ್ರ ಮೆತ್ತಗೆ, "ನೀವೇನೂ ಮಾಡೋದು ಬೇಡ ತಂಗಿ, ಸುಮ್ನೆ ಕೂತಿರಿ. ನಿಮ್ಮ ಯಜಮಾನ್ರೇ ಬಂದು ಬಿಡಿಸ್ಕೊಂಡು ಹೋಗ್ತಾರೆ" ಎಂದರು. ಆಮೇಲೆ ಮೈಕು ಹಿಡಿದು, ನೀಲಿ ಬಣ್ಣದ ಗುಂಡು ನಮ್ಮವರದು, ಕೆಂಪು ಬಣ್ಣದ್ದು ಶತ್ರುಗಳದು ಎಂದು ಎಲ್ಲರಿಗೂ ಬಾಯಿಪಾಠವಾಗುವಷ್ಟು ಸಲ ಸಾರಿದರು.

ಈಗ ಆ ಬಾಯಿಪಾಠವೇ ಕುತ್ತಿಗೆಗೆ ಬಂತು. ಹೊಗೆ ತಿಳಿಯಾಗುತ್ತಿದ್ದಂತೆ ಅಟ್ಟಣಿಗೆಯ ಮೇಲೆ "ನೀಲಿ ಅಲ್ವಾ ಅದು?" ಎಂಬ ಗುಸುಗುಸು ಎದ್ದಿತು. ಆದರೆ ಕಮಾಂಡರ್ ಸುಮ್ಮನೆ ಕಮಾಂಡರ್ ಆದವರಲ್ಲ. "ಇದೀಗ, ಗಾಯಾಳುವನ್ನು ಸಾಗಿಸುವ ಪ್ರಾತ್ಯಕ್ಷಿಕೆ" ಎಂದು ಘೋಷಿಸಿ ಸ್ಟ್ರೆಚರ್ ತರಿಸಿಯೇಬಿಟ್ಟರು.

"ನಂಗೇನೂ ಆಗಿಲ್ಲ ಸರ್, ನಡ್ಕೊಂಡೇ ಬರ್ತೀನಿ" ಎಂದಳು ಅವಳು.

ಕಮಾಂಡರ್ ಮೈಕಿಗೆ ಕೈ ಅಡ್ಡ ಹಿಡಿದರು. "ಮಲಕ್ಕೊಳ್ಳಿ ತಂಗಿ. ದಳದ ಮರ್ಯಾದೆ ಪ್ರಶ್ನೆ."

ಅವಳು ಮಲಗಿದಳು. ತಲೆಯ ಕಡೆ ಹಿಡಿದವನು ಗಿಡುಗ. ಬಾಗಿಲು ಒಡೆದಾಗ ಬೀಳದಷ್ಟು ಚಪ್ಪಾಳೆ ಈಗ ಬಿತ್ತು.

"ಯಾಕೆ ಎದ್ದೆ?" ಎಂದ ಗಿಡುಗ, ತುಟಿ ಅಲುಗದ ಹಾಗೆ.

"'ಪೊಲೀಸ್, ಅಲ್ಲಾಡಬೇಡಿ' ಅಂತ ಕೂಗಿದ್ರಲ್ಲ, ನಿಮ್ಮ ಧ್ವನಿ ಕೇಳಿಸ್ತು. ಬಂದ್ರಲ್ಲ ಅಂತ ಎದ್ದೆ."

"ಕೈಯಲ್ಲಿ ಏನೋ ಹೊಳೀತು."

"ಕನ್ನಡಕ. ಹೊಗೇಲಿ ಏನೂ ಕಾಣಿಸ್ತಿರ್ಲಿಲ್ಲ, ಒರೆಸ್ಕೋತಿದ್ದೆ. ನೀವು ನನ್ನ ಮುಖ ನೋಡ್ಲಿಲ್ವಾ?"

"ಮುಖ ನೋಡ್ಬಾರ್ದು, ಕೈ ನೋಡ್ಬೇಕು. ಹಾಗೇ ಕಲಿಸಿರೋದು."

"ಚೆನ್ನಾಗಿ ಕಲ್ತಿದ್ದೀರಿ" ಎಂದು ಅವಳು ಕಣ್ಣು ಮುಚ್ಚಿಕೊಂಡಳು. ಗಾಯಾಳುಗಳು ಕಣ್ಣು ಮುಚ್ಚಿಕೊಂಡಿರಬೇಕಷ್ಟೆ.

ಶಾಮಿಯಾನದ ಹಿಂದೆ ನಿಂತ ನಿಲುವಿನಲ್ಲೇ ವಿಚಾರಣೆ ಮುಗಿಯಿತು. "ನಿಂದೇನೂ ತಪ್ಪಿಲ್ಲ ಕಣಯ್ಯಾ, ಒತ್ತೆಯಾಳು ಸೂಚನೆ ಪಾಲಿಸ್ಲಿಲ್ಲ" ಎಂದು ಕಮಾಂಡರ್ ಗಿಡುಗನ ಬೆನ್ನು ತಟ್ಟಿದರು. "ಮೊದಲ ತಂಡದ ನಾಯಕ ನೀನೇ ಅಂತ ಸಾಹೇಬ್ರು ಇವತ್ತು ಹೇಳೋರಿದ್ದಾರೆ. ಇದನ್ನ ಎಳೀಬೇಡ." ಸೊಸೆಯನ್ನು ನೋಡಲು ಬಂದಿದ್ದ ಗಿಡುಗನ ತಾಯಿಯೂ ತೀರ್ಪಿಗೆ ತಲೆದೂಗಿದರು. "ಮನೇಲೇ ಇವಳು ಹೇಳಿದ ಮಾತು ಕೇಳೋಳಲ್ಲ ಸ್ವಾಮಿ, ಇನ್ನು ಇಲ್ಲಿ ಕೇಳ್ತಾಳಾ?"

ಗಿಡುಗ ಕೈಗವಸು ಕಳಚಿ ಜೇಬಿಗೆ ತುರುಕಿದ.

ವೇದಿಕೆಯ ಮೇಲೆ ದೊಡ್ಡ ಸಾಹೇಬರು ಅವನಿಗೆ ವರ್ಷದ ಉತ್ತಮ ಗುರಿಕಾರನ ಬಹುಮಾನದ ಕಪ್ಪು ಕೊಟ್ಟು, ನಾಯಕನೆಂದು ಹೆಸರು ಸಾರಿ, ಎರಡು ಮಾತಾಡಲು ಹೇಳಿದರು. ಗಿಡುಗ ಕಪ್ಪನ್ನು ಮೈಕಿನ ಬುಡದಲ್ಲಿ ಕೆಳಗಿಟ್ಟ. "ಆ ನೀಲಿ ಗುಂಡು ನಂದೇ ಸರ್" ಎಂದ. "ನಾನು ನನ್ನ ಹೆಂಡ್ತಿಗೇ ಹೊಡೆದೆ. ಈ ಕಪ್ಪು ನಂಗೆ ಬೇಡ."

ಕಮಾಂಡರ್ ಒಂದೇ ಹೆಜ್ಜೆಗೆ ಮೈಕು ಕಸಿದುಕೊಂಡರು. "ನೋಡಿದ್ರಾ, ನಮ್ಮ ಹುಡುಗ್ರಿಗೆ ಗುರಿ ಅಷ್ಟೇ ಅಲ್ಲ, ಹಾಸ್ಯಪ್ರಜ್ಞೆಯೂ ಇದೆ. ಹೆಂಡ್ತಿ ಮೇಲೆ ಗುರಿಯಿಡೋ ಅವಕಾಶ ನಮಗೆಲ್ಲಾ ಎಲ್ಲಿ ಸಿಗುತ್ತೆ ಹೇಳಿ?" ಮೊದಲು ದೊಡ್ಡ ಸಾಹೇಬರು ನಕ್ಕರು. ಅವರು ನಕ್ಕ ಮೇಲೆ ನಗದೆ ಇರುವುದು ಶಿಸ್ತಿನ ಉಲ್ಲಂಘನೆಯಾದ್ದರಿಂದ ಇಡೀ ದಳ ನಕ್ಕಿತು, ದಳದ ಸಂಸಾರಗಳೂ ನಕ್ಕವು. ಗಿಡುಗ ಕೆಳಗಿಟ್ಟ ಕಪ್ಪನ್ನು ಸಾಹೇಬರೇ ಎತ್ತಿ ಮತ್ತೆ ಅವನ ಕಂಕುಳಿಗೆ ಸಿಕ್ಕಿಸಿದರು. ಫೋಟೊ ಚೆನ್ನಾಗಿ ಬಂತು.

ಅವನು ಇಳಿದು ಬಂದು ಹೆಂಡತಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತ. ಅವಳು ಯಾರದೋ ಸ್ವೆಟರನ್ನು ಕತ್ತಿನವರೆಗೆ ಗುಂಡಿ ಹಾಕಿಕೊಂಡಿದ್ದಳು. ವೇದಿಕೆಯ ಮೇಲೆ ವಂದನಾರ್ಪಣೆ ಶುರುವಾಗಿತ್ತು.

"ನೋವಾಯ್ತಾ?" ಎಂದು ಕೇಳಿದ. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಅವಳು ವೇದಿಕೆಯನ್ನೇ ನೋಡುತ್ತ ಅಂದಳು:

"ಬಣ್ಣದ್ದಲ್ವಾ, ನೋಯ್ತು. ನಿಜವಾದ್ದಾಗಿದ್ರೆ ನೋಯ್ತಿರ್ಲಿಲ್ಲ."