ಸುಧಾಳ ಬೀರು

"ಕಂಪ್ಯೂಟರ್ ಬಂದ್ವು ಯಜಮಾನ್ರೇ. ಮಕ್ಕಳಿಗೆ ಬೇಕಾದ್ದೆಲ್ಲ ಇನ್ಮೇಲೆ ಇಂಟರ್‌ನೆಟ್ಟಲ್ಲೇ ಸಿಗುತ್ತೆ. ಈ ಬೀರುಗೆ ಜಾಗ ಇಲ್ಲ, ತಪ್ಪು ತಿಳ್ಕೋಬೇಡಿ," ಎಂದರು ಹೆಡ್‌ಮಾಸ್ಟರ್ ನೀಲಕಂಠಸ್ವಾಮಿ.

ಷಣ್ಮುಖಪ್ಪ ತಲೆಯಾಡಿಸಿದರು. ಕಾಲೇಜಿಗೆ ಸೇರುವ ಮೊದಲೇ ಜ್ವರದಲ್ಲಿ ತೀರಿಕೊಂಡ ಮಗಳು ಸುಧಾಳ ಪುಸ್ತಕಗಳನ್ನೆಲ್ಲ ಬೀರು ಸಮೇತ, ಅವಳು ಓದಿದ ಹ್ಯಾಂಡ್‌ಪೋಸ್ಟ್ ಊರಿನ ಈ ಶಾಲೆಗೇ ಕೊಟ್ಟಿದ್ದರು. ಹಿಂದಕ್ಕೆ ಒಯ್ಯಲು ಈಗ ಗೂಡ್ಸ್ ಆಟೊ ತಂದಿದ್ದರು. ಮನೆಯಲ್ಲಿ ಓದುವವರು ಯಾರೂ ಇಲ್ಲ. ಪುಸ್ತಕ ಅಟ್ಟ ಸೇರಿದರೆ ಮಗಳ ಹೆಸರೂ ಅಲ್ಲಿಗೆ ಮುಗಿಯಿತು.

ಬೀರುವಿನ ಮೇಲೆ ಸುಧಾಳ ಫೋಟೊ, ಅದಕ್ಕೆ ಸೇವಂತಿಗೆ ಹಾರ. ಬೀಗಕ್ಕೂ ಕುಂಕುಮ. ಅಟೆಂಡರ್ ಬಸವಮ್ಮ ಶುಕ್ರವಾರ ತಪ್ಪದೆ ಊದುಬತ್ತಿ ಹಚ್ಚುತ್ತಿದ್ದಳಂತೆ. ಷಣ್ಮುಖಪ್ಪನವರ ಕಣ್ಣು ತುಂಬಿತು. ಆದರೆ ಬೀಗ ತೆಗೆದು ನೋಡಿದರೆ, ಪುಸ್ತಕಗಳು ಅವರು ಜೋಡಿಸಿಟ್ಟ ಸಾಲಿನಲ್ಲೇ ಕದಲದೆ ನಿಂತಿದ್ದವು.

"ಯಾರೂ ಓದ್ನಿಲ್ವೇನವ್ವ?"

"ಅಯ್ ಬುಡಿ ಬುದ್ದಿ! ಕಣ್ಮುಚ್ಕಂಡ ಎಣ್ಮಗಳ ಪುಸ್ತಕ. ಐಕಳು ಎಂಜ್ಲು ಬೆರಳಲ್ಲಿ ಆಳೆ ತಿರುವಾಕೆ ಬುಟ್ಟೇನಾ? ಅತ್ರ ಬಂದ್ರೆ ಪೊರಕೆ ತೋರುಸ್ತೀನಿ ಕಣ್ರೀ," ಎಂದಳು ಬಸವಮ್ಮ, ಹೆಮ್ಮೆಯಿಂದ.

ಅವಳನ್ನು ಬೈಯಲು ಅವರಿಗೆ ಬಾಯಿ ಬರಲಿಲ್ಲ. ಅವಳು ಮಾಡಿದ್ದೆಲ್ಲ ಭಕ್ತಿಯಿಂದಲೇ.

ಪುಸ್ತಕ ಹೊರಲು ಬಂದಿದ್ದ ಎಂಟನೆಯ ತರಗತಿಯ ಮೀನಾ, ಕೈಯಲ್ಲಿದ್ದ ಪುಸ್ತಕ ತೆರೆದುಕೊಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದಳು.

"ನಡಿಯೇ, ಆಟೊದೋನು ಕಾಯ್ತಾವ್ನೆ!" ಬಸವಮ್ಮ ಗದರಿದಳು.

"ತಾತ," ಎಂದಳು ಮೀನಾ, ಪುಟದಲ್ಲಿದ್ದ ಚಿತ್ರ ತೋರಿಸಿ, "ಈ ಹಿಮಾಲಯದ ಹಕ್ಕಿ ಎಂಗೆ ಕೂಗ್ತದೆ?"

ಷಣ್ಮುಖಪ್ಪ ಬೆಚ್ಚಿದರು. ಇದೇ ಚಿತ್ರದ ಮೇಲೆ ಬೆರಳಿಟ್ಟು ಸುಧಾ ಕೇಳುತ್ತಿದ್ದುದೂ ಇದನ್ನೇ. "ನಮ್ಮ ಕಾಡಲ್ಲಿ ಇಲ್ದಿರೋ ಹಕ್ಕಿ, ನಂಗೇನು ಗೊತ್ತವ್ವ?" ಎಂದು ಅವರು ನಕ್ಕುಬಿಡುತ್ತಿದ್ದರು.

"ಅದ್ರಲ್ಲಿ ಸಿಗುತ್ತಾ ಮೇಷ್ಟ್ರೇ?" ಕಂಪ್ಯೂಟರಿನತ್ತ ಕೈ ತೋರಿಸಿದರು.

ಹೆಡ್‌ಮಾಸ್ಟರು ಪುಸ್ತಕ ನೋಡಿಕೊಂಡು ಹಕ್ಕಿಯ ಹೆಸರು ಟೈಪ್ ಮಾಡಿದರು. ಬಹಳ ಹೊತ್ತು ಏನೂ ಆಗಲಿಲ್ಲ. "ಇದುಕ್ಕಿಂತ ನಮ್ಮೂರಿನ ಕೋಟೆ ಬಸ್ಸೇ ಬಿರ್‍ರನೆ ಬತ್ತದೆ," ಎಂದು ಬಸವಮ್ಮ ಗೊಣಗುತ್ತಿದ್ದಂತೆ ಒಂದು ಕೂಗು ಎದ್ದಿತು. ಉದ್ದನೆಯ, ತಣ್ಣನೆಯ ಸಿಳ್ಳು. ಬೆಟ್ಟಗಳನ್ನು ದಾಟಿ ಬಂದಂತಿತ್ತು.

"ನೋಡಿದ್ರಾ, ಸಿಕ್ತು!" ಎಂದರು ಹೆಡ್‌ಮಾಸ್ಟರು.

"ಶಿವ ದೊಡ್ಡವನು. ಆದ್ರೆ ಮೇಷ್ಟ್ರೇ, ಕೇಳ್ಬೇಕು ಅಂತ ಮಗೀಗೆ ಅನ್ಸಿದ್ದು ಪುಸ್ತಕ ತೆಗೆದ್ಮೇಲೆ ಅಲ್ವಾ?" ಎಂದರು ಷಣ್ಮುಖಪ್ಪ.

ಹೆಡ್‌ಮಾಸ್ಟರು ಕೋಣೆಯನ್ನೊಮ್ಮೆ ಅಳೆಯುವಂತೆ ನೋಡಿದರು. "ಬಸವಮ್ಮ, ನನ್ನ ಮೇಜನ್ನ ವರಾಂಡಕ್ಕೆ ಹಾಕ್ಸು. ಬೀರು ಇಲ್ಲೇ ಇರಲಿ. ಬೀಗ ಮಾತ್ರ ಬೇಡ."

ಷಣ್ಮುಖಪ್ಪ ಅವರಿಗೆ ಕೈಮುಗಿದರು. ಆಮೇಲೆ ಮಗಳ ಫೋಟೊವನ್ನು ಇಳಿಸಿ, ಎದೆಗವಚಿಕೊಂಡು ಕಂಪ್ಯೂಟರಿನ ಹತ್ತಿರ ಹೋಗಿ ನಿಂತರು.

"ಇನ್ನೊಂದ್ ಸಲ ಕೂಗ್ಸಿ ಮೇಷ್ಟ್ರೇ. ಇವಳೂ ಕೇಳ್ಲಿ."