ತುಕ್ಕು ಹಲ್ಲಿನ ಅತ್ತಿಗೆ

"ಹೇಗೂ ಬಂದಿದ್ದೀರಿ, ನಿಮ್ಮದೂ ಒಂದ್ಸಲ ನೋಡ್ಬಿಡ್ತೀನಿ, ಕೂತ್ಕೊಳ್ಳಿ ಅಮ್ಮ," ಎಂದಳು ಹಲ್ಲಿನ ಡಾಕ್ಟರಮ್ಮ. ದರ್ಜಿಯಮ್ಮನ ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಯಿತು. ಅವಳು ಬಂದದ್ದು ನಾದಿನಿಗೆ ಜೊತೆಯಾಗಿ. ಅಂದು ನಾದಿನಿಗೆ ಹೊಸ ಹಲ್ಲಿನ ಸೆಟ್ಟು ಕೂರಿಸುವ ದಿನ.

ಮುತ್ತು ಪೋಣಿಸಿದಂಥ ಹಲ್ಲು ಎಂದು ಇಡೀ ಬಳಗದಲ್ಲಿ ಮೆರೆದವಳು ಈ ನಾದಿನಿ. ಹೊಸದಾಗಿ ಮನೆಗೆ ಬಂದ ಅತ್ತಿಗೆಯ ಕಂದುಗಟ್ಟಿದ ಹಲ್ಲು ಕಂಡು 'ತುಕ್ಕು' ಎಂದು ಹೆಸರಿಟ್ಟವಳೂ ಇವಳೇ. ಆಮೇಲೆ ದರ್ಜಿಯಮ್ಮ ಬಾಯ್ತುಂಬ ನಕ್ಕದ್ದನ್ನು ಕಂಡವರಿಲ್ಲ. ಮನೆಯ ಯಾವ ಫೋಟೋ ನೋಡಿದರೂ ಅವಳ ತುಟಿಗೆ ಹೊಲಿಗೆ ಬಿದ್ದಂತಿರುತ್ತಿತ್ತು.

"ಹೋಗಿ ಅತ್ತಿಗೆ, ಎಲ್ಲಾ ಕಿತ್ಹಾಕಿ ನಿಮಗೂ ಹೊಸ ಸೆಟ್ಟು ಕೊಡ್ತಾರೆ," ಎಂದಳು ನಾದಿನಿ, ಬೊಚ್ಚು ಬಾಯಲ್ಲೇ. ಅವಳ ಸೆಟ್ಟು ಪಕ್ಕದ ಗಾಜಿನ ಲೋಟದಲ್ಲಿ ಬೆಳ್ಳಗೆ ಹಲ್ಲುಕಿರಿಯುತ್ತಿತ್ತು.

ಎಲ್ಲವನ್ನೂ ಕಿತ್ತುಬಿಡುತ್ತಾರೆಂಬ ಭಯಕ್ಕೇ ದರ್ಜಿಯಮ್ಮ ಇಷ್ಟು ವರ್ಷ ಇಂಥ ಮೆಟ್ಟಿಲು ಹತ್ತಿರಲಿಲ್ಲ. ಚೆಂದವೋ ಅಲ್ಲವೋ, ಅವು ತನ್ನವು. ಕಣ್ಣು ಮುಚ್ಚಿ ಕುರ್ಚಿಯಲ್ಲಿ ಕೂತು ಬಾಯಿ ತೆರೆದಳು.

ಡಾಕ್ಟರಮ್ಮ ಒಂದೊಂದೇ ಹಲ್ಲು ತಟ್ಟಿ ನೋಡಿದಳು. ಆಮೇಲೆ ಒಳಗಿದ್ದ ನರ್ಸನ್ನು ಕೂಗಿದಳು. "ಬಾರೇ ಇಲ್ಲಿ, ನೋಡು! ಒಂದಕ್ಕೂ ಹುಳುಕಿಲ್ಲ, ಒಂದೂ ಅಲ್ಲಾಡ್ತಿಲ್ಲ. ಅಮ್ಮ, ಚಿಕ್ಕವರಿದ್ದಾಗ ಯಾವ ನೀರು ಕುಡೀತಿದ್ರಿ?"

"ತವರುಮನೆ ಬೀದಿಯ ಕೈಪಂಪಿನ ನೀರು. ಅಲ್ಲಿ ಎಲ್ಲರ ಹಲ್ಲೂ ಹೀಗೇ."

"ಅದರಲ್ಲಿ ಫ್ಲೋರೈಡ್ ಸ್ವಲ್ಪ ಹೆಚ್ಚಿತ್ತು. ಹದವಾಗಿದ್ದಿದ್ರೆ ಈ ಕಲೆ ಬರ್ತಿರ್ಲಿಲ್ಲ. ಇನ್ನೂ ಹೆಚ್ಚಿದ್ದಿದ್ರೆ ಹಲ್ಲು, ಮೂಳೆ ಎರಡೂ ಕೆಡ್ತಿತ್ತು. ನಿಮ್ಮ ಪುಣ್ಯ, ಕಲೆ ಮಾಡಿದ್ರೂ ಹುಳುಕು ಹತ್ತಿರ ಬರದ ಹಾಗೆ ಗಟ್ಟಿ ಮಾಡಿದೆ."

"ಹಾಗಾದ್ರೆ ಅದು ತುಕ್ಕಲ್ವಾ?" ಎಂದಳು ನಾದಿನಿ.

"ತುಕ್ಕು ಹಿಡಿದಿದ್ರೆ ಉಳೀತಿತ್ತೇನಮ್ಮ? ಬೇಕಿದ್ರೆ ಕಲೆ ಕಾಣದ ಹಾಗೆ ಬೆಳ್ಳಗೆ ಮಾಡ್ಕೊಡ್ತೀನಿ."

"ಬೇಡ ಡಾಕ್ಟ್ರೇ," ಎಂದು ದರ್ಜಿಯಮ್ಮ ಎದ್ದು ನಿಂತಳು. ಇಷ್ಟು ಹಗುರಾಗಿ ಅವಳು ಎದ್ದು ಎಷ್ಟೋ ವರ್ಷವಾಗಿತ್ತು. "ಬಚ್ಚಿಟ್ಟಿದ್ದು ಸಾಕು. ಇನ್ಮೇಲೆ ಊರೆಲ್ಲ ನೋಡ್ಲಿ."

ನಾದಿನಿಯ ರವಿಕೆಯ ತೋಳಿನ ಅಂಚಿನಲ್ಲಿ ದಾರವೊಂದು ಇಳಿಬಿದ್ದಿತ್ತು. ತನ್ನ ಹೊಲಿಗೆ ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ಮಾಡುತ್ತಿದ್ದುದನ್ನು ದರ್ಜಿಯಮ್ಮ ಈಗ ಎಲ್ಲರೆದುರೇ ಮಾಡಿದಳು: ಬಗ್ಗಿ, ಹಲ್ಲಿನಿಂದ ದಾರವನ್ನು ಕಟಕ್ಕನೆ ಕಡಿದಳು.

ದರ್ಜಿಯಮ್ಮ ನಗುತ್ತಿದ್ದಳು, ಕೋಣೆಯೆಲ್ಲ ಕೇಳುವಂತೆ, ಹಲ್ಲೆಲ್ಲ ಕಾಣುವಂತೆ. ನಾದಿನಿ ಮೆಲ್ಲಗೆ ತನ್ನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.